ನೆಪದ ಗಂಟು

ದೊನ್ ವಿಲ್ಮಾರ್ ತೆಚೇರಾ ಅವರನ್ನು ನಾನು ಮೊದಲು ನೋಡಿದ್ದು ಬರ್ರಾಂಕಾ ಫುಟ್‌ಬಾಲ್ ಕ್ಲಬ್ಬಿನ ಮೈದಾನದಲ್ಲಿ, ಪ್ರೇಕ್ಷಕರು ಕೂರುವ ಮೆಟ್ಟಿಲುಗಳ ಅಡಿಯ ಸಾಮಾನು ಕೋಣೆಯಲ್ಲಿ. ಏಪ್ರಿಲ್ ತಿಂಗಳ ಒಂದು ಭಾನುವಾರ; ಭೂಮಿಯ ಈ ದಕ್ಷಿಣ ಭಾಗದಲ್ಲಿ ಚಳಿಗಾಲ ಹತ್ತಿರವಾಗುವ ಹೊತ್ತು. ನದಿಯ ಕಡೆಯಿಂದ ಆ ವರ್ಷದ ಮೊದಲ ಚಳಿ ಮೇಲೇರಿ ಬರುತ್ತಿತ್ತು. ನಾನು ಊರಿನ ಪ್ರೌಢಶಾಲೆಗೆ ವ್ಯಾಯಾಮದ ಮೇಷ್ಟ್ರಾಗಿ ಹೊಸದಾಗಿ ಬಂದಿದ್ದೆ. ಆಟಗಾರರ ಮೈ ಹದಗೊಳಿಸಲು ಭಾನುವಾರಗಳಲ್ಲಿ ಬನ್ನಿ ಎಂದು ಕ್ಲಬ್ಬಿನವರು ಕರೆದಿದ್ದರು.

ಕೋಣೆಯ ಚಾವಣಿ ಮೆಟ್ಟಿಲಿನ ಆಕಾರದಲ್ಲೇ ಇಳಿಜಾರಾಗಿತ್ತು. ಬಾಗಿಲ ಬಳಿ ನೆಟ್ಟಗೆ ನಿಲ್ಲಬಹುದು, ಒಳಗೆ ಹೋದಷ್ಟೂ ಬಗ್ಗಬೇಕು. ಗೋಡೆಯುದ್ದಕ್ಕೂ ಮೊಳೆ ಹೊಡೆದು ಬೂಟುಗಳನ್ನು ಜೋಡಿ ಜೋಡಿಯಾಗಿ ನೇತುಹಾಕಿದ್ದರು. ದನದ ಕೊಬ್ಬು ಸವರಿದ ಚರ್ಮದ ವಾಸನೆ ಗಂಟಲಿಗೆ ಹತ್ತುತ್ತಿತ್ತು. ಮೂಲೆಯ ಸ್ಟೋವ್ ಮೇಲೆ, ನಮ್ಮ ಕಡೆ ಎಲ್ಲರೂ ಕುಡಿಯುವ ಮಾಟೆ ಎಲೆಯ ಕಷಾಯಕ್ಕೆಂದು ನೀರು ಕಾಯುತ್ತಿತ್ತು. ಅದರ ಪಕ್ಕ ಒಂದು ತಗಡಿನ ಬೋಗುಣಿಯಲ್ಲಿ ಬಿಳಿ ಲೇಸುಗಳನ್ನು ಶಾವಿಗೆಯಂತೆ ನೆನೆಹಾಕಿದ್ದರು. ನಡುವೆ, ಬೋರಲು ಹಾಕಿದ ಹಣ್ಣಿನ ಪೆಟ್ಟಿಗೆಯ ಮೇಲೆ ಕೂತು, ತೊಡೆಯ ಮೇಲೆ ಗೋಣಿತಾಟು ಹಾಸಿ, ಅದರ ಮೇಲೆ ಒಬ್ಬ ಆಟಗಾರನ ಕಾಲಿಟ್ಟುಕೊಂಡು ದೊನ್ ವಿಲ್ಮಾರ್ ಕೆಲಸ ಮಾಡುತ್ತಿದ್ದರು. ಗಿಡ್ಡ ಆಳು, ದಪ್ಪ ಕತ್ತು, ಕಿವಿಯವರೆಗೆ ಎಳೆದ ಕಪ್ಪು ಉಣ್ಣೆಯ ಟೋಪಿ. ನನ್ನ ಕಡೆ ತಲೆ ಎತ್ತಲಿಲ್ಲ.

"ಬಾಗಿಲು ಹಾಕು. ಗಾಳಿಗೆ ಲೇಸ್ ಒಣಗ್ತವೆ."

ನಾನು ಬಾಗಿಲು ಹಾಕಿದೆ. ಅವರು ಆಟಗಾರನ ಮೊಣಕಾಲಿಗೆ ತಟ್ಟಿ, "ಹಿಮ್ಮಡಿ ಕುಟ್ಟು" ಎಂದರು. ಅವನು ಬೂಟಿನ ಹಿಮ್ಮಡಿಯನ್ನು ನೆಲಕ್ಕೆ ಕುಟ್ಟಿ ಪಾದವನ್ನು ಹಿಂದಕ್ಕೆ ಕೂರಿಸಿದ. ಆಮೇಲೆ ಅವರು ಬೆರಳುಗಳ ಕಡೆಯಿಂದ ಶುರುಮಾಡಿ, ಒಂದೊಂದೇ ಹೆಣಿಗೆಯನ್ನು ಬೆರಳಿಂದ ಎತ್ತಿ ಎಳೆಯುತ್ತಾ ಮೇಲಕ್ಕೆ ಬಂದರು. ಬೂಟಿನ ನಾಲಿಗೆಯನ್ನು ನೇರ ಮಾಡಿದರು. ಕೊನೆಯ ತೂತಿನಲ್ಲಿ ಒಂದು ಚಿಕ್ಕ ಸುತ್ತು ಕೊಟ್ಟು ಹಿಮ್ಮಡಿಯನ್ನು ಬಿಗಿದರು. ಆಮೇಲೆ ಎರಡು ಕೈಯಲ್ಲೂ ಒಂದೊಂದು ಕುಣಿಕೆ ಮಾಡಿ ಒಂದರೊಳಗಿಂದ ಇನ್ನೊಂದನ್ನು ಒಟ್ಟಿಗೇ ತೂರಿಸಿ ಎಳೆದರು. ಗಂಟು ಯಾವಾಗ ಬಿತ್ತೆಂದು ನನಗೆ ಕಾಣಲಿಲ್ಲ. ಚೆಂಡಿಗೆ ತಾಕದಂತೆ ಗಂಟನ್ನು ಹೊರಮಗ್ಗುಲಿಗೆ ಸರಿಸಿ, ಕುಣಿಕೆಗಳ ತುದಿಯನ್ನು ಹೆಣಿಗೆಯ ಅಡಿಗೆ ಸಿಕ್ಕಿಸಿದರು. "ಏಳು. ಮುಂದಿನವನು."

ಆಗ ಅವರ ಕಣ್ಣು ನನ್ನ ಕಾಲಿನ ಮೇಲೆ ಬಿತ್ತು.

"ಹೊಸ ಪ್ರೊಫೆ ನೀನೇನಾ? ವ್ಯಾಯಾಮದ ಮೇಷ್ಟ್ರು?"

"ಹೌದು, ದೊನ್ ವಿಲ್ಮಾರ್."

"ದನ ಸಾಕೋ ಎಸ್ಟೇಟ್ ಕಡೆಯವನು. ಅಪ್ಪ ಕುದುರೆ ನೋಡ್ಕೊಳ್ತಿದ್ದ."

"ಯಾರು ಹೇಳಿದ್ರು?"

"ನಿನ್ನ ಶೂ ಹೇಳ್ತು. ಲೇಸಲ್ಲ ಅದು, ಲಗಾಮು. ಕುದುರೆ ಕಟ್ಟೋ ಗಂಟು ಹಾಕ್ಕೊಂಡು ಬಂದಿದೀಯಲ್ಲೋ!"

ಕೋಣೆಯಲ್ಲಿದ್ದವರೆಲ್ಲ ನಕ್ಕರು. ನಾನೂ ಸುಮ್ಮನಿರಲಿಲ್ಲ. "ನಮ್ಮಪ್ಪ ಕಟ್ಟಿದ ಕುದುರೆ ಒಂದಿನಾನೂ ಬಿಚ್ಕೊಂಡು ಹೋಗಿಲ್ಲ" ಎಂದೆ. ದೊನ್ ವಿಲ್ಮಾರ್ ಒಂದು ಗಳಿಗೆ ನನ್ನನ್ನು ದುರುಗುಟ್ಟಿ ನೋಡಿ, ಆಮೇಲೆ ಮಾಟೆಯ ಸೋರೆ ಬುರುಡೆಗೆ ಬಿಸಿನೀರು ಹೊಯ್ದು ನನ್ನ ಕೈಗೆ ಕೊಟ್ಟರು. ಅವರು ಯಾರಿಗಾದರೂ ಮಾಟೆ ಕೊಟ್ಟರೆ ಅವನನ್ನು ಒಪ್ಪಿದಂತೆ ಎಂದು ನನಗೆ ಆಮೇಲೆ ತಿಳಿಯಿತು.

ಅವರು ಮೆತ್ತಗಿನ ಮನುಷ್ಯರಲ್ಲ. ಮಾಂಸದ ಕಾರ್ಖಾನೆ ಮುಚ್ಚುವವರೆಗೆ ಅಲ್ಲಿ ಪೆಟ್ಟಿಗೆ ಕಟ್ಟುವ ಕೆಲಸದಲ್ಲಿದ್ದರು. ಮುಚ್ಚಿದ ಮೇಲೆ ಕ್ಲಬ್ಬಿನ ಸಾಮಾನು ನೋಡಿಕೊಳ್ಳಲು ಬಂದರು. ಬಂದ ಮೊದಲ ವರ್ಷವೇ ಆಟಗಾರರು ತಮ್ಮ ಬೂಟು ತಾವೇ ಕಟ್ಟಿಕೊಳ್ಳುವುದನ್ನು ನಿಲ್ಲಿಸಿದರು. "ನಿಮ್ಮ ಹೆಂಡ್ತೀರನ್ನ ಬೇಕಾದ್ರೆ ನೀವೇ ಮುಟ್ಕೊಳ್ಳಿ, ಲೇಸ್ ಮುಟ್ಬೇಡಿ" ಎನ್ನುತ್ತಿದ್ದರು. ತಮ್ಮ ಕೈಯ ಬಗ್ಗೆ ಅವರಿಗಿದ್ದ ಜಂಬ ಊರಿಗೇ ಗೊತ್ತಿತ್ತು. ಬೇಕರಿಯಲ್ಲಿ ಪೊಟ್ಟಣಕ್ಕೆ ದಾರ ಕಟ್ಟುವ ಹುಡುಗಿಯ ಕೈಯಿಂದ ದಾರ ಕಿತ್ತುಕೊಂಡು ತಾವೇ ಕಟ್ಟಿಕೊಳ್ಳುತ್ತಿದ್ದರು. ಅವರ ಹೆಂಡತಿ ನೀಬಿಯಾ, "ಈ ಮನುಷ್ಯನಿಗೆ ಕೈ ಎರಡಿವೆ, ಬಾಯಿ ಹತ್ತಿವೆ" ಎನ್ನುತ್ತಿದ್ದಳು.

ಅವರು ಹೇಳಿಕೊಟ್ಟ ವಿದ್ಯೆ ಇಷ್ಟೇ. ಲೇಸು ಚಪ್ಪಟೆಯಾಗಿರಬೇಕು, ಹತ್ತಿಯದಾಗಿರಬೇಕು, ಕಟ್ಟುವ ಮುಂಚೆ ಒದ್ದೆಯಾಗಿರಬೇಕು. ಮೊದಲ ಹೆಣಿಗೆಯಲ್ಲಿ ಬಲಗಡೆಯ ಎಳೆ ಮೇಲೆ ಹೋದರೆ, ಕುಣಿಕೆ ಸುತ್ತುವಾಗ ಎಡಗಡೆಯದು ಮೇಲೆ ಬರಬೇಕು. ಹೀಗೆ ಬಂದರೆ ಕುಣಿಕೆಗಳೆರಡೂ ಪಾದಕ್ಕೆ ಅಡ್ಡಲಾಗಿ ಮಲಗುತ್ತವೆ. ಅದು ಗಟ್ಟಿಗಂಟು. ಎರಡು ಸಲವೂ ಒಂದೇ ಕಡೆಯದನ್ನು ಮೇಲೆ ತಂದರೆ ಕುಣಿಕೆಗಳು ತಿರುಗಿಕೊಂಡು, ಒಂದು ಬೆರಳಿನ ಕಡೆಗೂ ಇನ್ನೊಂದು ಕಣಕಾಲಿನ ಕಡೆಗೂ ಮುಖ ಮಾಡುತ್ತವೆ. ಅದು ನೋಡಲು ಗಂಟು, ಓಡಲು ಅಲ್ಲ. ಲೋಕದ ಅರ್ಧ ಜನ ಹೀಗೇ ಕಟ್ಟಿಕೊಂಡು, ಬಿಚ್ಚಿದಾಗಲೆಲ್ಲ ಲೇಸನ್ನು ಬೈಯುತ್ತಾರೆ ಎಂದು ಅವರು ಹೇಳುತ್ತಿದ್ದರು.

ಈ ಎರಡನೆಯ ಗಂಟೇ ಬರ್ರಾಂಕಾ ಕ್ಲಬ್ಬಿಗೆ ಲೀಗಿನ ಕಪ್ಪುಗಳನ್ನು ತಂದುಕೊಟ್ಟದ್ದು.

ಒಂದು ಪಂದ್ಯದಲ್ಲಿ ಯಾವನೋ ಅವಸರಕ್ಕೆ ತಾನೇ ಕಟ್ಟಿಕೊಂಡ ಲೇಸು ಬಿಚ್ಚಿತಂತೆ. ಎದುರಾಳಿಗಳು ಬಿರುಸಿನಿಂದ ಮೇಲೆ ಬರುತ್ತಿದ್ದ ಹೊತ್ತು. ರೆಫರಿಯೇ ಆಟ ನಿಲ್ಲಿಸಿ, ಕಟ್ಟಿಕೋ, ಬಿದ್ದೀಯ ಎಂದನಂತೆ. ಅಷ್ಟು ಹೊತ್ತಿಗೆ ಎದುರಾಳಿಗಳ ಕಾವು ಆರಿಹೋಗಿತ್ತು. ದೊನ್ ವಿಲ್ಮಾರ್ ಆ ರಾತ್ರಿಯೆಲ್ಲ ಅದನ್ನೇ ಯೋಚಿಸಿದರು. ನಮ್ಮ ಲೀಗಿನಲ್ಲಿ ಕೈಯಿಂದ ಲೇಸು ಬಿಚ್ಚಿಕೊಂಡು ಹೊತ್ತು ಕಳೆಯುವವನಿಗೆ ಕಾರ್ಡು ತೋರಿಸುತ್ತಿದ್ದರು. ಆದರೆ ತಾನಾಗಿಯೇ ಬಿಚ್ಚಿದರೆ? ಒಣಗಿದ ನೈಲಾನ್ ಲೇಸು, ಒಂದೇ ಕಡೆಗೆ ಸುತ್ತಿದ ಎರಡು ಹೆಣಿಗೆ, ಕೊಂಚ ದೊಡ್ಡ ಕುಣಿಕೆ. ನಾಲ್ಕಾರು ಸಲ ಜೋರಾಗಿ ಓಡಿದರೆ ಸಾಕು, ಯಾರೂ ಮುಟ್ಟದೆ ಬಿಚ್ಚಿಕೊಳ್ಳುತ್ತಿತ್ತು. ಅದಕ್ಕೆ ಅವರು ಇಟ್ಟ ಹೆಸರು ನೆಪದ ಗಂಟು.

ಗೆಲ್ಲುತ್ತಿರುವಾಗ ಮಾತ್ರ ಅದನ್ನು ಕಟ್ಟುತ್ತಿದ್ದರು. ಅದೂ ಒಬ್ಬನಿಗೆ ಮಾತ್ರ, ಕ್ಯಾಪ್ಟನ್ ಲೀಬೆರ್ ಕಾರ್ದೋಸೊಗೆ. ಅವನು ಹಿಂದಿನ ಸಾಲಿನಲ್ಲಿ ಆಡುವವನು, ಬಲಗಾಲಲ್ಲಿ ಒದೆಯುವವನು. ಆದ್ದರಿಂದ ನೆಪದ ಗಂಟು ಅವನ ಎಡಗಾಲಿಗೆ. ಅದು ಕಾಲಲ್ಲಿರುವಾಗ ನಡುಗೆರೆ ದಾಟಬಾರದು ಎಂಬುದು ದೊನ್ ವಿಲ್ಮಾರ್ ಹಾಕಿದ ನಿಯಮ. ಲೇಸು ಬಿಚ್ಚಿದ್ದು ಕಂಡ ಕೂಡಲೇ ಅವರು ಮೈದಾನದ ಅಂಚಿನ ಗೆರೆಯ ಆಚೆ ನಿಂತು "ಕಟ್ಕೊ, ಲೀಬೆರ್! ಕಟ್ಕೊ!" ಎಂದು ಕೂಗುತ್ತಿದ್ದರು. ಲೀಬೆರ್ ಕುಂಟುತ್ತಾ ಗೆರೆಯ ಬಳಿ ಬಂದು ಜಾಹೀರಾತು ಹಲಗೆಯ ಮೇಲೆ ಕಾಲಿಡುತ್ತಿದ್ದ. ಇವರು ಕನ್ನಡಕ ಹುಡುಕುವರು, ಒರೆಸುವರು, ಬೂಟಿನ ಮಣ್ಣು ಕೆರೆಯುವರು, ಆಮೇಲೆ ಮದುಮಗಳ ಜಡೆ ಹೆಣೆಯುವಂತೆ ನಿಧಾನವಾಗಿ ಕಟ್ಟುವರು. ಕಣ್ಣು ಮಿಟುಕಿಸುವಷ್ಟರಲ್ಲಿ ಕಟ್ಟಬಲ್ಲ ಕೈ ಹಾಗೆ ತಡಕಾಡುವುದನ್ನು ನೋಡಲೆಂದೇ ಜನ ಬರುತ್ತಿದ್ದರು. ಮೆಟ್ಟಿಲುಗಳ ಮೇಲಿದ್ದವರೆಲ್ಲ ಮಾಟೆಯ ಫ್ಲಾಸ್ಕನ್ನು ಕಂಕುಳಲ್ಲಿ ಇರುಕಿಕೊಂಡು, ಕಾಲು ಕುಟ್ಟುತ್ತಾ, "ಕಟ್ಕೊ! ಕಟ್ಕೊ!" ಎಂದು ತಾಳ ಹಾಕುತ್ತಿದ್ದರು.

ನಮ್ಮೂರಿನಲ್ಲಿ ಇದನ್ನು ಯಾರೂ ಮೋಸ ಎನ್ನುತ್ತಿರಲಿಲ್ಲ. ಕ್ಲಬ್ಬಿನ ಹಜಾರದಲ್ಲಿ ತ್ರೂಕೋ ಇಸ್ಪೀಟು ಆಡುವವರು ಕೈಯಲ್ಲಿ ಕೆಟ್ಟ ಎಲೆಗಳಿದ್ದರೂ ಮೀಸೆ ತಿರುವಿ ಪಂಥ ಏರಿಸುತ್ತಾರೆ. ಎದುರಿನವನು ನಂಬಿದರೆ ಅದು ಅವನ ದಡ್ಡತನ. ನೆಪದ ಗಂಟೂ ಹಾಗೆಯೇ. ಆ ಮಾತು ಆಟದಿಂದ ಊರಿಗೆ ಇಳಿಯಿತು. ಅಂಚೆ ಕಚೇರಿಯಲ್ಲಿ ಗುಮಾಸ್ತ ತಡಮಾಡಿದರೆ "ಏನಪ್ಪಾ, ಲೇಸ್ ಕಟ್ಕೊಳ್ತಿದೀಯಾ?" ಎನ್ನುವರು. ಮದುವೆ ಮುಂದೂಡುತ್ತಿದ್ದವನ ಭಾವೀ ಮಾವ "ನಿನ್ನ ಲೇಸ್ ಇನ್ನೆಷ್ಟು ಸಲ ಬಿಚ್ಚುತ್ತೋ ಮಾರಾಯ?" ಎಂದು ನಾಲ್ಕು ಜನರೆದುರು ಕೇಳಿದ್ದನ್ನು ನಾನೇ ಕೇಳಿದ್ದೇನೆ. ಕಟ್ಕೊ ಎಂದರೆ ಕಟ್ಟಿಕೋ ಎಂಬ ಅರ್ಥವೇ ಊರಿನಲ್ಲಿ ಉಳಿದಿರಲಿಲ್ಲ.

ಲೀಬೆರ್ ದೊನ್ ವಿಲ್ಮಾರ್‌ಗೆ ಬರೀ ಕ್ಯಾಪ್ಟನ್ ಅಲ್ಲ. ಇಗರ್ಜಿಯಲ್ಲಿ ಅವನ ನಾಮಕರಣದ ದಿನ ಅವನನ್ನು ತೋಳಲ್ಲಿ ಹಿಡಿದು ನಿಂತ ಧರ್ಮತಂದೆ ಅವರೇ. ಲೀಬೆರ್‌ನ ಅಪ್ಪ ಕೆಲಸ ಹುಡುಕಿಕೊಂಡು ನದಿ ದಾಟಿ ಬ್ಯೂನಸ್ ಐರಿಸ್‌ಗೆ ಹೋದವನು ಮರಳಲಿಲ್ಲ; ಅಮ್ಮ ಒಬ್ಬಳೇ ಉಳಿದಳು. ಮಕ್ಕಳಿಲ್ಲದ ದೊನ್ ವಿಲ್ಮಾರ್ ಮತ್ತು ನೀಬಿಯಾ ಅವನಿಗೆ ಊಟ ಹಾಕಿದರು, ಶಾಲೆಗೆ ಕಳಿಸಿದರು. "ಪಾದ್ರೀನೋ", ಧರ್ಮತಂದೆಯೇ, ಎಂದು ಅವನು ಕರೆಯುತ್ತಿದ್ದ. ಅವನು ಹಾಗೆ ಕರೆದಾಗಲೆಲ್ಲ ಇವರು ಬೇಕೆಂದೇ ಮುಖ ಗಂಟಿಕ್ಕುತ್ತಿದ್ದರು.

ನಾನು ಬಂದ ವರ್ಷದ ಕೊನೆಯ ಪಂದ್ಯ ಪಕ್ಕದ ಊರಿನ ಮೊಲೀನೊ ತಂಡದ ಮೇಲೆ, ನಮ್ಮ ಮೈದಾನದಲ್ಲಿ ನಡೆಯಿತು. ನಾವು ಗೆದ್ದರೆ ಕಪ್ಪು ನಮಗೆ. ಸಮವಾದರೂ ಅದು ಮೊಲೀನೊಗೆ. ವಿರಾಮಕ್ಕೆ ಮುಂಚೆಯೇ ನಾವು ಒಂದು ಗೋಲು ಹೊಡೆದೆವು. ವಿರಾಮದಲ್ಲಿ ಲೀಬೆರ್‌ನ ಎಡಗಾಲಿನ ಲೇಸು ಬದಲಾಯಿತು. ಎರಡನೆಯ ಅವಧಿ ಅರ್ಧ ಕಳೆದ ಮೇಲೆ, ಮೊಲೀನೊದವರು ಜೇನು ಎದ್ದಂತೆ ಮುತ್ತಿದಾಗ, ಅದು ಸರಿಯಾಗಿ ಬಿಚ್ಚಿಕೊಂಡಿತು. "ಕಟ್ಕೊ, ಲೀಬೆರ್!" ಜನ ಕಾಲು ಕುಟ್ಟಿದರು. ಹಲಗೆಯ ಮೇಲೆ ಕಾಲು ಬಂತು. ಕನ್ನಡಕ ಬಂತು. ರೆಫರಿ ಓಡಿಬಂದು, "ಮುದುಕಪ್ಪಾ, ನಿನ್ನ ನಾಟಕ ಸಾಕು. ಇವನು ಇನ್ನೊಂದ್ಸಲ ಲೇಸು ಅಂತ ಕೂತ್ರೆ ಕಾರ್ಡ್ ಕೊಟ್ಟು ಹೊರಗೆ ಹಾಕ್ತೀನಿ" ಎಂದ. ಲೀಬೆರ್‌ಗೆ ಆಗಲೇ ಒಂದು ಕಾರ್ಡು ಆಗಿತ್ತು.

ರೆಫರಿ ತಿರುಗಿದ ಮೇಲೆ ಅವರಿಬ್ಬರ ನಡುವೆ ಒಂದು ಮಾತು ನಡೆಯಿತು. ನಾನು ಆಗ ಗೋಲಿನ ಹಿಂದೆ ಬದಲಿ ಆಟಗಾರರನ್ನು ಓಡಿಸುತ್ತಿದ್ದೆ. ಬೇರೆ ಯಾರೂ ಹತ್ತಿರವಿರಲಿಲ್ಲ. "ಗಟ್ಟೀದು ಹಾಕ್ತೀನಿ" ಎಂದರಂತೆ ದೊನ್ ವಿಲ್ಮಾರ್. "ಬೇಡ ಪಾದ್ರೀನೋ, ನೆಪದ್ದೇ ಇರಲಿ. ಆ ರೆಫರಿ ಬರೀ ಬೊಗಳ್ತಾನೆ. ಇನ್ನೊಂದ್ಸಲ ಬೇಕಾಗುತ್ತೆ" ಎಂದನಂತೆ ಲೀಬೆರ್. ಕ್ಯಾಪ್ಟನ್ ಕೇಳಿದ್ದನ್ನು ಅವರು ಕಟ್ಟಿದರು.

ಸ್ವಲ್ಪ ಹೊತ್ತಿಗೆ ಮೊಲೀನೊದವರು ಗೋಲು ಹೊಡೆದರು. ಈಗ ಹೊತ್ತು ಕಳೆಯಬೇಕಾದವರು ಅವರು, ಹೊತ್ತು ಬೇಕಾದವರು ನಾವು. ಇನ್ನೇನು ಸೀಟಿ ಊದಬೇಕು ಎನ್ನುವಾಗ ಅವರ ಒಬ್ಬನ ಕೈಗೆ ಚೆಂಡು ತಾಗಿ ನಮಗೆ ಪೆನಾಲ್ಟಿ ಸಿಕ್ಕಿತು. ಮೈದಾನ ಕುದಿಯಿತು. ಬರ್ರಾಂಕಾದ ಪೆನಾಲ್ಟಿಗಳನ್ನು ಒದೆಯುತ್ತಿದ್ದವನು ಲೀಬೆರ್. ಅವನು ನಡುಗೆರೆ ದಾಟಿ ಓಡಿದ.

ಪೆನಾಲ್ಟಿಯಲ್ಲಿ ಒದೆಯುವ ಕಾಲಿಗಿಂತ ಊರುವ ಕಾಲಿನ ಮೇಲೆ ಭಾರ ಹೆಚ್ಚು. ಆ ಎಡಗಾಲಿನಲ್ಲಿ ಏನಿದೆ ಎಂದು ಇಡೀ ಮೈದಾನದಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಅವರಲ್ಲಿ ಒಬ್ಬ ಆ ಗಳಿಗೆಯಲ್ಲಿ ಮರೆತಿದ್ದ. ಇನ್ನೊಬ್ಬರು ಗೆರೆಯ ಬಳಿಗೆ ನುಗ್ಗಿ ಕೂಗಿದರು:

"ಕಟ್ಕೊ, ಲೀಬೆರ್! ಕಟ್ಕೊ!"

ಮೊದಲು ಜನ ನಕ್ಕರು. ಅಭ್ಯಾಸಬಲದಿಂದ ಕೆಲವರು ಕಾಲನ್ನೂ ಕುಟ್ಟಿದರು. ಆಮೇಲೆ ಸಿಟ್ಟಾದರು. "ಈಗ ಯಾಕೋ ಹೊತ್ತು ಕಳೀಬೇಕು? ಮುದುಕನಿಗೆ ತಲೆ ಕೆಟ್ಟಿದೆ!" "ಬಾಯಿ ಮುಚ್ಚೋ ವಿಲ್ಮಾರ್!" ನಮ್ಮ ಬೆಂಚಿನವರೇ ಅವರ ಅಂಗಿ ಹಿಡಿದು ಎಳೆದರು. "ನಿಜವಾಗ್ಲೂ! ನಿಜವಾಗ್ಲೂ ಕಟ್ಕೊಳ್ಳೋ!" ಎಂದು ಅವರು ಕಿರುಚಿದ್ದು ನನಗೆ ಗೋಲಿನ ಹಿಂದಕ್ಕೂ ಕೇಳಿಸಿತು. ಲೀಬೆರ್ ಒಮ್ಮೆ ಅವರ ಕಡೆ ನೋಡಿ, ಬೇಡ ಎಂಬಂತೆ ಕೈ ಬೀಸಿದ. ರೆಫರಿ ಕಾರ್ಡಿನ ಜೇಬಿನ ಮೇಲೆ ಬೆರಳಿಟ್ಟು ನಿಂತಿದ್ದ.

ಲೀಬೆರ್ ಓಡಿಬಂದು ಎಡಗಾಲೂರಿದ. ಲೇಸು ಬಿಚ್ಚಿಕೊಂಡಿತು; ಬೂಟು ನಿಂತಿತು, ಪಾದ ಅದರಿಂದ ಕಳಚಿ ಮುಂದಕ್ಕೆ ಜಾರಿತು. ಚೆಂಡು ಗೋಲಿನ ಮೇಲಿಂದ, ಗೋಡೆಯ ಮೇಲಿಂದ, ಬೀದಿಗೆ ಹಾರಿಹೋಯಿತು. ಕಾಲುಚೀಲದಲ್ಲಿ ನಿಂತ ಕ್ಯಾಪ್ಟನ್ನನ್ನು ನೋಡಿ ಮೊಲೀನೊದ ಗೋಲ್‌ಕೀಪರ್ ಮೊಣಕಾಲೂರಿ ಅಳುತ್ತಾ ನಗುತ್ತಿದ್ದ.

ಹೊರಗೆ ಬರುವ ದಾರಿಯಲ್ಲಿ ಊರಿನ ರೇಡಿಯೋದವನು ಮೈಕು ಹಿಡಿದ. "ಏನಾಯ್ತು ಕ್ಯಾಪ್ಟನ್?" ಲೀಬೆರ್ ಅಳು ನುಂಗಿಕೊಂಡು, "ಲೇಸ್ ಬಿಚ್ಚಿತು. ನಮ್ಮ ಬೂಟು ನಾವು ಕಟ್ಕೊಳ್ಳಲ್ಲ" ಎಂದ. ಅಷ್ಟೇ. ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ.

ಸಂಜೆಯೊಳಗೆ ಊರು ಮಿಕ್ಕದ್ದನ್ನು ತುಂಬಿಕೊಂಡಿತು. ವಿಲ್ಮಾರ್‌ನ ಕೈ ಹೋಗಿದೆ ಎಂದರು ಒಳ್ಳೆಯವರು. ನೀಬಿಯಾಳ ತಮ್ಮ ಮೊಲೀನೊದಲ್ಲೇ ಅಲ್ಲವೇ ಇರುವುದು ಎಂದರು ಮಿಕ್ಕವರು. ಬೇಕರಿಯ ಹುಡುಗಿ ಪೊಟ್ಟಣಕ್ಕೆ ದಾರ ಕಟ್ಟಿ, ಇನ್ನೊಂದು ಗಂಟು ಹಾಕಿ, "ಇದು ಬಿಚ್ಚಲ್ಲ, ದೊನ್ ವಿಲ್ಮಾರ್" ಎಂದಳು. ಅವರು ಪೊಟ್ಟಣವನ್ನು ಅಲ್ಲೇ ಬಿಟ್ಟು ಬಂದರು.

ಅವರಿಗೆ ಬೇಕಾಗಿದ್ದು ಒಂದೇ. ಆ ಗಂಟು ಕೈತಪ್ಪಿ ಬಿದ್ದದ್ದಲ್ಲ, ಕೇಳಿದ್ದಕ್ಕೆ ಕಟ್ಟಿದ್ದು ಎಂದು ಲೀಬೆರ್ ಕ್ಲಬ್ಬಿನ ಸಭೆಯಲ್ಲಿ ಬಾಯಿಬಿಟ್ಟು ಹೇಳಬೇಕು. "ಕಪ್ಪು ಹೋಗ್ಲಿ ಪ್ರೊಫೆ. ಇದೊಂದು ಅವನು ಹೇಳ್ಲಿ" ಎಂದು ನನ್ನೊಂದಿಗೆ ಅಂದರು.

ಸಭೆಯ ಹಿಂದಿನ ದಿನ ಕ್ಲಬ್ಬಿನ ಅಧ್ಯಕ್ಷ, ಹಾರ್ಡ್‌ವೇರ್ ಅಂಗಡಿಯ ಓಲೆಗಾರಿಯೊ ಪಿಂತೋಸ್ ಸಾಮಾನು ಕೋಣೆಗೆ ಬಂದ. ನಾನು ಅಲ್ಲೇ ಚೆಂಡುಗಳಿಗೆ ಗಾಳಿ ತುಂಬುತ್ತಿದ್ದೆ. ಅವನು ಬಗ್ಗಿ ಒಳಗೆ ಬಂದು, ಕೂರಲು ಜಾಗ ಹುಡುಕಿ, ಸಿಗದೆ ನಿಂತ.

"ವಿಲ್ಮಾರ್, ನಾಳೆ ಲೀಗಿನ ಪ್ರತಿನಿಧಿ ಬರ್ತಾರೆ. ಎರಡನೇ ಸ್ಥಾನದ ಫಲಕ ಕೊಡೋದಕ್ಕೆ."

"ಬರ್ಲಿ."

"ನೀನು ಆ ಗಂಟಿನ ಮಾತು ತೆಗೀಬಾರದು. ತೆಗೆದ್ರೆ ಹಿಂದಿನ ಕಪ್ಪುಗಳ ಮಾತೂ ಬರುತ್ತೆ."

"ಹಂಗಾದ್ರೆ ನಾನೇನು ಹೇಳ್ಲಿ? ನಿಮ್ಮಜ್ಜಿ ಬಂದು ಕಟ್ಟಿದ್ಲು ಅನ್ಲಾ?"

"ಏನೂ ಹೇಳ್ಬೇಡ. ನಾವು ಹೇಳ್ತೀವಿ. ಇಷ್ಟು ವರ್ಷ ದುಡಿದ, ಈಗ ಕೈ ನಡುಗುತ್ತೆ, ಗೌರವದಿಂದ ಬೀಳ್ಕೊಡ್ತಿದೀವಿ ಅಂತ. ನಿನ್ನ ಹೆಸರು ಕೆತ್ತಿಸಿದ ಹಿತ್ತಾಳೆ ತಟ್ಟೆ ಒಂದು ಕೊಡ್ತೀವಿ."

ದೊನ್ ವಿಲ್ಮಾರ್ ಎರಡೂ ಕೈಗಳನ್ನು ಅವನ ಮುಖದ ಮುಂದೆ ಚಾಚಿ ಹಿಡಿದರು. ಬಹಳ ಹೊತ್ತು ಹಾಗೇ ಹಿಡಿದಿದ್ದರು. ಅವು ಅಲುಗಲಿಲ್ಲ.

"ನೋಡ್ದೆಯಾ ಪಿಂತೋಸ್?"

"ನೋಡ್ದೆ ಕಣಯ್ಯಾ. ನಾನು ನೋಡಿದ್ದರಿಂದ ಏನಾಗುತ್ತೆ?" ಎಂದು ಅವನು ಬಗ್ಗಿಕೊಂಡೇ ಹೊರಟುಹೋದ.

ಸಭೆಗೆ ಹಜಾರ ತುಂಬಿತ್ತು. ಗೋಡೆಯ ಕಪಾಟಿನಲ್ಲಿ ಹಳೆಯ ಕಪ್ಪುಗಳು ಹೊಳೆಯುತ್ತಿದ್ದವು. ಮುಂದಿನ ಸಾಲಿನಲ್ಲಿ ಲೀಗಿನ ಪ್ರತಿನಿಧಿ, ಪಕ್ಕದಲ್ಲಿ ಪಿಂತೋಸ್, ಅವನ ಪಕ್ಕ ಇಸ್ತ್ರಿ ಮಾಡಿದ ಅಂಗಿ ತೊಟ್ಟ ಲೀಬೆರ್. ಫಲಕ ಕೊಟ್ಟು ಚಪ್ಪಾಳೆ ಮುಗಿದ ಮೇಲೆ ಹಿಂದಿನಿಂದ ಯಾರೋ, "ಲೇಸ್ ಕಟ್ಟಿದ್ದು ಯಾರು ಅಂತ ಹೇಳಿ!" ಎಂದು ಕೂಗಿದರು. ನಗು ಎದ್ದಿತು. ಪಿಂತೋಸ್ ಕೈ ಎತ್ತುವ ಮುಂಚೆಯೇ ಲೀಬೆರ್ ಎದ್ದು ನಿಂತ. ದೊನ್ ವಿಲ್ಮಾರ್ ಕುರ್ಚಿಯ ತುದಿಗೆ ಸರಿದು ಕೂತದ್ದನ್ನು ನಾನು ಪಕ್ಕದಿಂದ ನೋಡಿದೆ.

"ನಮ್ಮ ಪಾದ್ರೀನೋನ ಯಾರೂ ಬೈಬಾರದು" ಎಂದ ಲೀಬೆರ್. ಅವನ ದನಿಯಲ್ಲಿ ಪ್ರೀತಿಯೇ ಇತ್ತು. "ಅವರಿಗೆ ವಯಸ್ಸಾಯ್ತು. ಈಚೆಗೆ ಕೈ ನಡುಗುತ್ತೆ. ಮನುಷ್ಯರಿಗೆ ಆಗೋದೇ ಅದು. ಅವರು ಈ ಕ್ಲಬ್ಬಿಗೆ ಮಾಡಿದ್ದನ್ನ ಮರೀಬೇಡಿ."

ಜನ ಚಪ್ಪಾಳೆ ತಟ್ಟಿದರು. ಕೆಲವರು ಕಣ್ಣೊರೆಸಿಕೊಂಡರು. ದೊನ್ ವಿಲ್ಮಾರ್ ಎದ್ದರು.

"ನನ್ನ ಕೈ ನಡುಗಲ್ಲ" ಎಂದರು. "ನೆಪದ ಗಂಟೇ ಬೇಕು ಅಂತ ನೀನು ಕೇಳ್ದೆ. ನಾನು ಕಟ್ಟಿದೆ."

ಚಪ್ಪಾಳೆ ನಿಂತಿತು. ಪ್ರತಿನಿಧಿ ತಲೆ ತಿರುಗಿಸಿದ. "ಯಾವ ಗಂಟು?"

"ತಾನಾಗೇ ಬಿಚ್ಚೋ ಗಂಟು, ಸ್ವಾಮಿ. ಹೊತ್ತು ಕಳೆಯೋದಕ್ಕೆ ನಾನೇ ಮಾಡಿದ್ದು. ಈ ಹಜಾರದಲ್ಲಿ ಅದಕ್ಕೆ ಕಾಲು ಕುಟ್ಟದೋನು ಯಾರಿದ್ದಾನೆ? ಹೇಳ್ರಪ್ಪಾ! ಅಂಚೆ ರೊಸೆಂದೊ, ನೀನು? ಬೇಕರಿಯವನೇ, ನೀನು?"

ಅಂಚೆಯವನು ತನ್ನ ಮಾಟೆ ಬುರುಡೆಯ ಒಳಗೆ ಏನೋ ಬಿದ್ದಿದೆಯೆಂಬಂತೆ ನೋಡಿದ. ಬೇಕರಿಯವನು ಫ್ಲಾಸ್ಕಿನ ಮುಚ್ಚಳ ತಿರುಗಿಸಿದ. ನಾನು ಎದ್ದು, ಅಂಥ ಗಂಟು ಇದೆ, ನಾನು ಕಂಡಿದ್ದೇನೆ ಎಂದೆ.

"ಪ್ರೊಫೆ, ಅವತ್ತು ಕ್ಯಾಪ್ಟನ್ ಅದನ್ನೇ ಕೇಳಿದ್ದು ನೀವು ಕಿವಿಯಾರೆ ಕೇಳಿದ್ರಾ?" ಎಂದ ಪ್ರತಿನಿಧಿ.

"ಇಲ್ಲ. ನಾನು ಗೋಲಿನ ಹಿಂದಿದ್ದೆ."

"ಹಂಗಾದ್ರೆ ಕೂತ್ಕೊಳ್ಳಿ." ಅವನು ಲೀಬೆರ್ ಕಡೆ ತಿರುಗಿದ. "ಏನಪ್ಪಾ, ನಿಜಾನಾ?"

ಲೀಬೆರ್ ಕಪ್ಪುಗಳಿದ್ದ ಕಪಾಟನ್ನು ನೋಡಿದ. ಪಿಂತೋಸನನ್ನು ನೋಡಿದ. ದೊನ್ ವಿಲ್ಮಾರ್ ಅವರನ್ನು ನೋಡಲಿಲ್ಲ.

"ಗಂಟಿನಲ್ಲೇನು ಸಾರ್ ಬೇರೆ ಬೇರೆ?" ಎಂದ. "ಗಂಟು ಅಂದ್ರೆ ಗಂಟು."

ಪ್ರತಿನಿಧಿ ನಕ್ಕ. ಅವನು ನಕ್ಕದ್ದರಿಂದ ಹಜಾರಕ್ಕೆ ಉಸಿರು ಬಂತು, ಎಲ್ಲರೂ ನಕ್ಕರು. ಕಾಲು ಕುಟ್ಟಿ ಕುಟ್ಟಿ ತಾಳ ಹಾಕಿದವರೇ, ಅಂಥದೊಂದನ್ನು ಹುಟ್ಟಿದಂದಿನಿಂದ ಕೇಳಿಲ್ಲವೆಂಬಂತೆ ನಕ್ಕರು. ಮುದುಕನಿಗೆ ಸೋತ ದುಃಖ ತಲೆಗೇರಿದೆ, ಪಾಪ, ಎಂದು ನನ್ನ ಹಿಂದೆ ಕೂತಿದ್ದ ಹೆಂಗಸು ಪಕ್ಕದವಳಿಗೆ ಹೇಳಿದಳು. ತ್ರೂಕೋದಲ್ಲಿ ಪಂಥ ಏರಿಸಿದವನನ್ನು ಎದುರಿನವನು ನಂಬದಿದ್ದರೆ ಕೊನೆಗೆ ಎಲೆ ತೋರಿಸಲೇಬೇಕು. ಈ ಆಟದಲ್ಲಿ ಅದೂ ಬೇಕಾಗಲಿಲ್ಲ.

ದೊನ್ ವಿಲ್ಮಾರ್ ಸಾಮಾನು ಕೋಣೆಯ ಬೀಗದ ಕೈಯನ್ನು ಮುಂದಿನ ಮೇಜಿನ ಮೇಲಿಟ್ಟು, ಜನರ ನಡುವೆ ದಾರಿ ಮಾಡಿಕೊಂಡು ಹೊರಗೆ ನಡೆದರು. ಹಿತ್ತಾಳೆ ತಟ್ಟೆಯನ್ನು ಆಮೇಲೆ ಪಿಂತೋಸ್ ಅವರ ಮನೆಗೆ ಕಳಿಸಿದ. ನೀಬಿಯಾ ಅದನ್ನು ಕೋಳಿಗಳಿಗೆ ನೀರಿಡಲು ಹಿತ್ತಲಿನಲ್ಲಿಟ್ಟಳು.

ಅದಾದ ಮೇಲಿನ ಒಂದು ಭಾನುವಾರ ನಾನು ಅವರ ಹಿತ್ತಲಿನಲ್ಲಿ ಮಾಟೆ ಕುಡಿಯುತ್ತಾ ಕೂತಿದ್ದಾಗ ಲೀಬೆರ್ ಬಂದ. ಕೈಯಲ್ಲಿ ಕೊಂಬಿನಂತೆ ಬಾಗಿದ ಬಿಸಿ ಬಿಸಿ ಬೇಕರಿ ರೊಟ್ಟಿಗಳ ಪೊಟ್ಟಣ. ನೀಬಿಯಾ ಅವನನ್ನು ಕಂಡು ಒಳಗೆ ಹೋಗಿಬಿಟ್ಟಳು. ಅವನು ನಿಂತೇ ಇದ್ದ.

"ಪಾದ್ರೀನೋ, ನಾನೇನ್ ಮಾಡ್ಲಿ? ಪ್ರತಿನಿಧಿ ಎದುರಿಗೆ ಕೂತಿದ್ದ. ಹೂಂ ಅಂದಿದ್ರೆ ಆ ಕಪ್ಪುಗಳನ್ನೆಲ್ಲ ವಾಪಸ್ ತಗೊಳ್ಳೋರು. ಹುಡುಗರೆಲ್ಲ ಏನಾಗೋರು?"

"ಗೊತ್ತು."

"ನಾನು ಕೇಳಿದ್ದು ನಿಜ. ಪ್ರೊಫೆ ಎದುರಿಗೇ ಹೇಳ್ತೀನಿ. ನೆಪದ್ದೇ ಇರಲಿ ಅಂದೆ. ಆಯ್ತಾ?"

"ಪ್ರೊಫೆಗೆ ಯಾಕೆ ಹೇಳ್ತೀಯ? ಅವನಿಗೆ ಗೊತ್ತಿರೋದನ್ನೇ?"

"ಮತ್ತೆ ಯಾಕೆ ಇಷ್ಟು ಕೋಪ?"

ದೊನ್ ವಿಲ್ಮಾರ್ ಬುರುಡೆಗೆ ನೀರು ಹೊಯ್ದು ನನಗೆ ಕೊಟ್ಟರು. ನಾನು ಕುಡಿದು ಹಿಂದಿರುಗಿಸಿದೆ. ಮತ್ತೆ ಹೊಯ್ದು ತಾವು ಕುಡಿದರು. ಲೀಬೆರ್‌ಗೆ ಕೊಡಲಿಲ್ಲ. ನಮ್ಮ ಕಡೆ ಒಬ್ಬನನ್ನು ಎದುರಿಗೆ ನಿಲ್ಲಿಸಿಕೊಂಡು ಮಾಟೆ ಕೊಡದಿರುವುದಕ್ಕಿಂತ ಕಪಾಳಕ್ಕೆ ಹೊಡೆಯುವುದು ವಾಸಿ.

"ಪ್ರತಿನಿಧಿ ಕೇಳ್ದಾಗ ಇಲ್ಲ ಅಂದೆ. ಅದಕ್ಕೆ ಕೋಪ ಇಲ್ಲ" ಎಂದರು. "ನಾನೂ ಇಷ್ಟು ವರ್ಷ ಅದನ್ನೇ ಮಾಡ್ದೋನು. ಆದ್ರೆ ಯಾರೂ ಕೇಳೋಕೆ ಮುಂಚೆ ಎದ್ದು ನಿಂತು ನನ್ನ ಕೈ ನಡುಗುತ್ತೆ ಅಂದೆಯಲ್ಲ. ಅಷ್ಟು ಅಕ್ಕರೆಯಿಂದ ಅಂದೆ ಕಣೋ. ನೀನು ಕಳ್ಳ ಅಂದಿದ್ರೂ ನಾನು ಈ ಊರಲ್ಲಿ ತಲೆ ಎತ್ಕೊಂಡು ತಿರುಗ್ತಿದ್ದೆ."

"ಅದು ನಿಮ್ಮನ್ನ ಉಳಿಸೋಕೆ..."

"ರೊಟ್ಟಿ ಆರ್ತಾ ಇದೆ. ತಗೊಂಡು ಹೋಗಿ ನಿಮ್ಮಮ್ಮನಿಗೆ ಕೊಡು."

ಲೀಬೆರ್ ಪೊಟ್ಟಣವನ್ನು ಬಾವಿಕಟ್ಟೆಯ ಮೇಲಿಟ್ಟು ಹೋದ. ಯಾರೂ ಅದನ್ನು ಮುಟ್ಟಲಿಲ್ಲ. ಸಂಜೆಗೆ ಇರುವೆ ಮುತ್ತಿದ್ದವು.

ಮುಂದಿನ ವರ್ಷ ಬರ್ರಾಂಕಾದವರು ಬೂಟುಗಳನ್ನು ತಾವೇ ಕಟ್ಟಿಕೊಂಡು ಆಡಿದರು. ಲೀಬೆರ್ ಇನ್ನೂ ಎರಡು ವರ್ಷ ಕ್ಯಾಪ್ಟನ್ ಆಗಿದ್ದು, ಆಮೇಲೆ ತರಬೇತುದಾರನಾದ. ಪಿಂತೋಸನ ಅಂಗಡಿಯಲ್ಲಿ ಕೆಲಸವೂ ಸಿಕ್ಕಿತು. ದಾರಿಯಲ್ಲಿ ಎದುರಾದರೆ ದೊನ್ ವಿಲ್ಮಾರ್ ಅವನಿಗೆ ನಮಸ್ಕಾರ ಹೇಳುತ್ತಾರೆ, ಎಲ್ಲರಿಗೂ ಹೇಳುವಂತೆ. ಅವರ ಕೈ ನಡುಗುತ್ತದೆ ಎಂಬುದು ಈಗ ಊರಿಗೆಲ್ಲ ಗೊತ್ತಿರುವ ಸಂಗತಿ. ಅಂಗಡಿಯವರು ಚಿಲ್ಲರೆಯನ್ನು ಅವರ ಕೈಗೆ ಕೊಡದೆ ಮೇಜಿನ ಮೇಲಿಡುತ್ತಾರೆ. ಬಸ್ಸಿನಲ್ಲಿ ಹುಡುಗಿಯರು ಎದ್ದು ಜಾಗ ಬಿಡುತ್ತಾರೆ. ಮೊದಮೊದಲು ಅವರು ಜಗಳ ಆಡುತ್ತಿದ್ದರು. ಈಗ ಕೂತುಕೊಳ್ಳುತ್ತಾರೆ.

ದೊನ್ ವಿಲ್ಮಾರ್ ತೆಚೇರಾ ಈಗ ಆಸ್ಪತ್ರೆಯ ಮುಂದಿನ ಬೀದಿಯಲ್ಲಿ, ಹಳದಿ ಜಾಕೀಟು ಹಾಕಿಕೊಂಡು, ರೋಗಿಗಳನ್ನು ನೋಡಲು ಬಂದವರ ಮೋಟಾರ್ ಸೈಕಲ್‌ಗಳನ್ನು ಕಾಯುತ್ತಾರೆ. ಪಂದ್ಯವಿರುವ ಭಾನುವಾರವೂ ಹೋಗುತ್ತಾರೆ.